ಒಡೆದ ಲೋಟ ಎಲ್ಲಿಗೆ ಹೋಯಿತು?

ಹೋದ ವರ್ಷ ಒಂದು ರಾತ್ರಿ ಪಾತ್ರೆ ತೊಳೆಯುವಾಗ ಗಾಜಿನ ಲೋಟ ಕೈಜಾರಿ ಬಿತ್ತು. ಚೂರುಗಳನ್ನು ಗುಡಿಸಿದೆ, ಒಂದು ಕಪ್ಪು ಕವರಿಗೆ ಹಾಕಿದೆ, ಗಂಟು ಬಿಗಿದು ಆ ದಿನದ ಕಸದ ಜೊತೆಗೇ ಡಬ್ಬಿಗೆ ತುರುಕಿದೆ. ನಿದ್ದೆ ಬರುತ್ತಿತ್ತು. ಬೆಳಿಗ್ಗೆ ಗಾಡಿ ಬಂತು, ಡಬ್ಬಿ ಖಾಲಿಯಾಯಿತು, ನಾನು ಮರೆತೂ ಬಿಟ್ಟೆ. ಮಾರನೇ ದಿನ ಕಸ ತಗೊಳ್ಳಲು ಬಂದ ಅಕ್ಕನ ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಬಟ್ಟೆಯ ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿತ್ತು. ಏನಾಯಿತು ಅಂತ ಕೇಳಿದೆ. "ಗಾಜು ಕಣಮ್ಮ. ಯಾರೋ ಕವರಲ್ಲಿ ಕಟ್ಟಿ ಹಾಕಿದ್ರು. ಬಿಚ್ಚೋಕೆ ಹೋದೆ. ನೀಲಿ ಗೆರೆ ಇರೋ ಲೋಟ" ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ದಿನಾ ಆಗುವ ಸಂಗತಿಯ ಹಾಗೆ ಹೇಳಿ, ಎಡಗೈಯಲ್ಲಿ ನನ್ನ ಡಬ್ಬಿ ಎತ್ತಿಕೊಂಡರು. ಆ ಲೋಟದ ಜೊತೆಯ ಇನ್ನೂ ಐದು ಲೋಟ ನನ್ನ ಅಡುಗೆಮನೆಯ ಕಪಾಟಿನಲ್ಲಿದ್ದವು. ಎಲ್ಲದಕ್ಕೂ ನೀಲಿ ಗೆರೆ. ಅದು ನಾನೇ ಹಾಕಿದ್ದು ಅಂತ ಹೇಳಲು ಆ ದಿನ ನನಗೆ ಬಾಯಿ ಬರಲಿಲ್ಲ.

ಆಮೇಲೆ ಆ ಬೆರಳು ನನ್ನನ್ನು ಬಿಡಲಿಲ್ಲ. ಹೆಚ್ಚು ಕಾಡಿದ್ದು ಗಾಯಕ್ಕಿಂತ "ಬಿಚ್ಚೋಕೆ ಹೋದೆ" ಅನ್ನುವ ಮಾತು. ಅಂದರೆ ನಾನು ಬಿಗಿದ ಗಂಟನ್ನು ಯಾರೋ ಬಿಚ್ಚುತ್ತಾರೆ. ಪ್ರತಿದಿನ ಬಿಚ್ಚುತ್ತಾರೆ. ನನ್ನ ಮನಸ್ಸಿನಲ್ಲಿ ಕಸದ ಕಥೆ ಗಾಡಿಯ ಹತ್ತಿರವೇ ಮುಗಿದುಹೋಗುತ್ತಿತ್ತು. ಗಾಡಿ ತಿರುವಿನಲ್ಲಿ ಮರೆಯಾದರೆ ಕಸವೂ ಮಾಯ. ನಿಜವಾಗಿ ಕಥೆ ಶುರುವಾಗುವುದೇ ಅಲ್ಲಿಂದ ಅಲ್ವಾ?

ಗಾಡಿ ಹೋದ ಮೇಲೆ

ಬಡ ದೇಶಗಳ ನಗರಗಳು ಕಸಕ್ಕೆ ಖರ್ಚು ಮಾಡುವುದಿಲ್ಲ ಅಂತ ಎಷ್ಟೋ ಜನ ತಿಳಿದಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ವಿಶ್ವಬ್ಯಾಂಕ್ 2018ರಲ್ಲಿ ಪ್ರಕಟಿಸಿದ ವರದಿ ಓದಿದಾಗ ಲೆಕ್ಕ ತಿರುವುಮುರುವಾಯಿತು. ಕಡಿಮೆ ಆದಾಯದ ದೇಶಗಳಲ್ಲಿ ನಗರಾಡಳಿತದ ಬಜೆಟ್ಟಿನ ಸರಾಸರಿ ಶೇ. 20ರಷ್ಟು ಕಸಕ್ಕೇ ಹೋಗುತ್ತದೆ. ಶ್ರೀಮಂತ ದೇಶಗಳಲ್ಲಿ ಇದು ಸುಮಾರು ಶೇ. 4 ಮಾತ್ರ. ಅಷ್ಟು ಸುರಿದರೂ ಬಡ ದೇಶಗಳ ನಗರಗಳಲ್ಲಿ ಗಾಡಿಗೆ ಸಿಗುವುದು ಹೆಚ್ಚುಕಡಿಮೆ ಅರ್ಧ ಕಸ. ಸಿಕ್ಕಿದ್ದು, ಸಿಗದೇ ಉಳಿದಿದ್ದು ಎಲ್ಲಾ ಸೇರಿ ಶೇ. 90ಕ್ಕಿಂತ ಜಾಸ್ತಿ ಕೊನೆಗೆ ಬಯಲಲ್ಲಿ ಬೀಳುತ್ತದೆ, ಇಲ್ಲವೇ ಉರಿಯುತ್ತದೆ. ಹಣದ ದೊಡ್ಡ ಪಾಲು ಡೀಸೆಲ್ಲಿಗೆ, ಲಾರಿಗೆ, ಗುಡಿಸುವ ಜನರ ಕೂಲಿಗೆ ಮುಗಿದುಹೋಗುತ್ತದೆ. ನಮ್ಮ ಕಣ್ಣಿಗೆ ಕಾಣುವ ಬೀದಿ ಚೊಕ್ಕಟವಾದರೆ ಸಾಕು, ಕಾಣದ ಜಾಗಕ್ಕೆ ಖರ್ಚು ಯಾಕೆ ಅನ್ನುವ ಹಾಗೆ. ಇದರಲ್ಲಿ ಅಧಿಕಾರಿಗಳ ತಪ್ಪು ಮಾತ್ರ ಅಂತ ನನಗೆ ಅನಿಸುವುದಿಲ್ಲ. ಒಂದು ದಿನ ಗಾಡಿ ಬರದಿದ್ದರೆ ನಾವು ಫೋನ್ ಮಾಡುತ್ತೇವೆ. ಗಾಡಿ ಎಲ್ಲಿಗೆ ಹೋಯಿತು ಅಂತ ಕೇಳಲು ಯಾರೂ ಫೋನ್ ಮಾಡುವುದಿಲ್ಲ.

ಆ ಕಾಣದ ಜಾಗ ಆಗಾಗ ತಾನೇ ಎದ್ದು ಬಂದು ಕಾಣಿಸಿಕೊಳ್ಳುತ್ತದೆ. 2000ದ ಜುಲೈ 10ರಂದು ಫಿಲಿಪ್ಪೀನ್ಸ್‌ನ ಪಯಾತಾಸ್‌ನಲ್ಲಿ ದಿನಗಟ್ಟಲೆ ಸುರಿದ ಮಳೆಗೆ ಕಸದ ಗುಡ್ಡ ಜಾರಿ ಗುಡಿಸಲುಗಳ ಮೇಲೆ ಬಿತ್ತು. 200ಕ್ಕೂ ಹೆಚ್ಚು ಜನ ಸತ್ತರು. 2017ರ ಮಾರ್ಚ್‌ನಲ್ಲಿ ಇಥಿಯೋಪಿಯಾದ ಅಡಿಸ್ ಅಬಾಬಾದ ಕೋಶೆಯಲ್ಲಿ 100ಕ್ಕೂ ಹೆಚ್ಚು ಜನ. ಅದಾಗಿ ಒಂದು ತಿಂಗಳ ಮೇಲೆ ಕೆಲವೇ ದಿನಕ್ಕೆ, ಏಪ್ರಿಲ್‌ನಲ್ಲಿ ಬರುವ ಅಲ್ಲಿನ ಹೊಸ ವರ್ಷದ ಹಬ್ಬದ ದಿನವೇ, ಶ್ರೀಲಂಕಾದ ಕೊಲಂಬೊ ಪಕ್ಕದ ಮೀತೊಟಮುಲ್ಲದಲ್ಲಿ 30ಕ್ಕೂ ಹೆಚ್ಚು ಜನ. 2024ರ ಆಗಸ್ಟ್‌ನಲ್ಲಿ ಉಗಾಂಡದ ಕಂಪಾಲಾದ ಕಿಟೀಜಿಯಲ್ಲಿ ಮತ್ತೆ ಅದೇ. ಸತ್ತವರಲ್ಲಿ ಹೆಚ್ಚಿನವರು ಆ ಗುಡ್ಡದ ಬುಡದಲ್ಲೋ ಗುಡ್ಡದ ಮೇಲೋ ಬದುಕುತ್ತಿದ್ದವರು.

ಕೋಶೆಯ ವಿಷಯದಲ್ಲಿ ಒಂದು ಸಂಗತಿ ನನ್ನ ತಲೆಯಲ್ಲಿ ಕೂತಿದೆ. ದುರಂತಕ್ಕೆ ಮುಂಚೆಯೇ ನಗರ ಆ ಗುಡ್ಡವನ್ನು ಬಿಟ್ಟು ಸೆಂಡಾಫಾ ಅನ್ನುವ ಕಡೆ ಹೊಸ ಜಾಗ ಮಾಡಿತ್ತು. ಅಲ್ಲಿನ ರೈತರು ನಮ್ಮ ನೀರು ಹಾಳಾಗುತ್ತದೆ ಅಂತ ಪ್ರತಿಭಟಿಸಿದರು. ಲಾರಿಗಳು ತಿರುಗಿ ಕೋಶೆಗೇ ಬಂದವು. ರೈತರನ್ನು ಬೈಯಲು ನನ್ನಿಂದ ಆಗುವುದಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಲಾರಿಗೆ ಅಡ್ಡ ನಿಲ್ಲುತ್ತಿದ್ದೆ. ಇನ್ನೊಬ್ಬರ ಊರಿಗೆ ನಮ್ಮ ಕಸ ಅನ್ನುವ ಏರ್ಪಾಡು ಇರುವವರೆಗೆ ಇದು ಮುಗಿಯುವ ಜಗಳವೇ ಅಲ್ಲ.

ಗುಡ್ಡ ಜಾರುವುದು ಯಾಕೆ? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ನಮ್ಮ ಅಡುಗೆಮನೆಗೇ ಬಂದು ನಿಲ್ಲುತ್ತೇವೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸ. ಸಿಪ್ಪೆ, ಉಳಿದ ಅನ್ನಆಹಾರ, ಎಲೆ, ಹುಲ್ಲು. ಗಾಳಿಯಾಡುವ ಕಡೆ ಬಿದ್ದರೆ ಇದು ಕೊಳೆತು ಮಣ್ಣಾಗುತ್ತದೆ, ಯಾರಿಗೂ ತೊಂದರೆಯಿಲ್ಲ. ಪ್ಲಾಸ್ಟಿಕ್ಕಿನ ಕೆಳಗೆ, ಗಾಳಿಯಿಲ್ಲದ ಕಡೆ, ಹತ್ತಾರು ಅಡಿ ಆಳದಲ್ಲಿ ಸಿಕ್ಕಿಬಿದ್ದರೆ ಬೇರೆ ರೀತಿ ಕೊಳೆಯುತ್ತದೆ. ಮೀಥೇನ್ ಅನ್ನುವ, ಬೆಂಕಿ ಹತ್ತುವ ಅನಿಲ ಹುಟ್ಟುತ್ತದೆ. ಕಪ್ಪು ನೀರು ಬಸಿಯುತ್ತದೆ. ಆ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲದಾಗ ಗುಡ್ಡದ ಒಳಗೇ ನಿಂತು ಪದರಗಳನ್ನು ಸಡಿಲ ಮಾಡುತ್ತದೆ. ಮೇಲಿಂದ ಮಳೆ, ಒಳಗಿಂದ ಅನಿಲದ ಒತ್ತಡ, ಕಡಿದಾದ ಇಳಿಜಾರು. ಇಷ್ಟಾದರೆ ಸಾಕು. ಬೆಂಕಿ ಹತ್ತಿಕೊಂಡರೆ ವಾರಗಟ್ಟಲೆ ಆರದೇ ಇರುವುದೂ ಆ ಅನಿಲದಿಂದಲೇ. ಭೂಮಿಯನ್ನು ಬಿಸಿಯೇರಿಸುವ ಲೆಕ್ಕದಲ್ಲಿ 20 ವರ್ಷಗಳ ಅವಧಿಗೆ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟಿಗೂ ಹೆಚ್ಚು ಬಲವಾದದ್ದು.

ಬೆರೆಸುವ ಒಂದು ಕ್ಷಣ

ನನ್ನ ಅನಿಸಿಕೆ ಹೇಳಿಬಿಡುತ್ತೇನೆ. ಕಸ ಕಸವಾಗುವುದು ಬಿಸಾಡಿದಾಗ ಅಲ್ಲವೇ ಅಲ್ಲ, ಬೆರೆಸಿದಾಗ. ಸಿಪ್ಪೆ ಒಂದೇ ಇದ್ದರೆ ಗೊಬ್ಬರ. ಕಾಗದ ಒಣಗಿದ್ದರೆ ಕಾಗದ. ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ರಾತ್ರಿಯಿಡೀ ಮುಚ್ಚಿಟ್ಟರೆ ಎರಡೂ ಕೆಡುತ್ತವೆ. ಹೀಗೆ ಬೆರೆಸಲು ನಮಗೆ ಒಂದು ಸೆಕೆಂಡು ಬೇಕು. ಬಿಡಿಸಲು ಯಾರದೋ ಅರ್ಧ ದಿನ ಬೇಕು. ಕೆಲವನ್ನಂತೂ ಬಿಡಿಸಲು ಆಗುವುದೇ ಇಲ್ಲ.

ಬೆರೆಸುವುದನ್ನು ನಿಲ್ಲಿಸುವ ಬದಲು ನಾವು ಯಂತ್ರ ತಂದೆವು. ಕಸವನ್ನು ಒತ್ತಿ ಒಯ್ಯುವ ಕಾಂಪ್ಯಾಕ್ಟರ್ ಲಾರಿಯನ್ನೇ ನೋಡಿ. ಅದು ಹುಟ್ಟಿದ್ದು ಒಣ ಕಸ ಜಾಸ್ತಿ ಇರುವ ದೇಶಗಳಿಗೆ. ಅಲ್ಲಿ ಡಬ್ಬಿ ತುಂಬ ರಟ್ಟು, ಪೆಟ್ಟಿಗೆ, ಒಳಗೆಲ್ಲಾ ಗಾಳಿ. ಒತ್ತಿದರೆ ಕಾಲು ಭಾಗಕ್ಕೆ ಇಳಿಯುತ್ತದೆ, ಒಂದೇ ಲಾರಿಯಲ್ಲಿ ನಾಲ್ಕು ಲಾರಿ ಕಸ ಹೋಗುತ್ತದೆ. ಹಸಿ ಕಸ ಮೊದಲೇ ಭಾರ, ಮೊದಲೇ ಅಡಕ. ಅದನ್ನು ಒತ್ತಿದರೆ ಜಾಗ ಅಷ್ಟೇನೂ ಉಳಿಯುವುದಿಲ್ಲ, ನೀರು ಮಾತ್ರ ಹಿಂಡಿ ಬರುತ್ತದೆ. ಲಾರಿಯ ಹಿಂದೆ ರಸ್ತೆಯುದ್ದಕ್ಕೂ ಸುರಿಯುವ ಆ ಗಬ್ಬು ನೀರು ಅದೇ. ಲಾರಿಯ ತಗಡು ತುಕ್ಕು ಹಿಡಿಯುತ್ತದೆ, ರಿಪೇರಿಗೆ ಬಿಡಿಭಾಗ ಹೊರದೇಶದಿಂದ ಬರಬೇಕು, ಲಾರಿ ಡಿಪೋದಲ್ಲಿ ನಿಲ್ಲುತ್ತದೆ.

ಸುಟ್ಟು ಕರೆಂಟು ಮಾಡುವ ಘಟಕಗಳ ಕಥೆಯೂ ಹೀಗೇ. ಕಸ ತಾನಾಗಿ ಉರಿಯಬೇಕಾದರೆ ಕಿಲೋಗೆ ಕನಿಷ್ಠ 6ರಿಂದ 7 ಮೆಗಾಜೌಲ್ ಶಾಖ ಕೊಡಬೇಕು. ಒದ್ದೆ ಕಸದಲ್ಲಿ ಶಾಖದ ದೊಡ್ಡ ಪಾಲು ಅದರದೇ ನೀರು ಆರಿಸುವುದಕ್ಕೆ ಹೋಗುತ್ತದೆ. ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಇಂಥ ಘಟಕ ಕಟ್ಟಿದ್ದರು. ಬಂದ ಕಸ ಸರಿಯಾಗಿ ಉರಿಯಲೇ ಇಲ್ಲ. ಸ್ವಲ್ಪೇ ದಿನದಲ್ಲಿ ಬಾಗಿಲು ಹಾಕಿತು. ಯಂತ್ರ ಕೆಟ್ಟದ್ದಾಗಿರಲಿಲ್ಲ. ಬೇರೆಯವರ ಡಬ್ಬಿ ನೋಡಿ ಮಾಡಿದ ಯಂತ್ರ ಅದು. ಇಷ್ಟು ವರ್ಷಗಳಾದರೂ ಇಂಥ ಘಟಕಗಳ ಪ್ರಸ್ತಾಪ ಬಂದಾಗಲೆಲ್ಲ "ಬೆರೆಸಿಯೇ ಕೊಡಿ, ನಾವು ನೋಡಿಕೊಳ್ಳುತ್ತೇವೆ" ಅನ್ನುವ ಮಾತು ಕೇಳಿಬರುತ್ತದೆ. ಆ ಮಾತು ಕೇಳಿದರೆ ನನಗೆ ಭಯವಾಗುತ್ತದೆ. ಬೆರೆಸಿದ್ದನ್ನು ನೋಡಿಕೊಳ್ಳುವುದು ಯಂತ್ರವಲ್ಲ, ಕೊನೆಗೂ ಯಾವುದೋ ಒಂದು ಕೈ.

ಬೆರೆತ ಕಸದಿಂದಲೇ ಗೊಬ್ಬರ ಮಾಡುವ ದೊಡ್ಡ ಘಟಕಗಳನ್ನೂ ಎಷ್ಟೋ ನಗರಗಳು ಕಟ್ಟಿದವು. ಅನೇಕ ಮುಚ್ಚಿಹೋದವು. ಕಾರಣ ಓದಿದಾಗ ನನಗೆ ಮೈ ಜುಮ್ಮೆಂದಿತು. ಗೊಬ್ಬರದಲ್ಲಿ ಗಾಜಿನ ಚೂರು. ಜರಡಿಯಲ್ಲಿ ಎಷ್ಟು ಸೋಸಿದರೂ ಸಣ್ಣ ಚೂರುಗಳು ಉಳಿಯುತ್ತವೆ, ಜೊತೆಗೆ ಪ್ಲಾಸ್ಟಿಕ್ಕಿನ ಪುಡಿ, ಬ್ಯಾಟರಿಯಿಂದ ಬಂದ ಲೋಹ. ಗದ್ದೆಯಲ್ಲಿ ಬರಿಗಾಲಲ್ಲಿ ಒಂದು ಸಲ ತುಳಿದ ರೈತ ಎರಡನೇ ಸಲ ಆ ಗೊಬ್ಬರ ತಗೊಳ್ಳುತ್ತಾನಾ?

ಬೇರೆ ದಾರಿಯೇ ಇಲ್ಲ ಅಂತ ಅಲ್ಲ. ಢಾಕಾದಲ್ಲಿ 1995ರಲ್ಲಿ ಶುರುವಾದ ವೇಸ್ಟ್ ಕನ್ಸರ್ನ್ ಅನ್ನುವ ಸಂಸ್ಥೆ, ಬಡಾವಣೆಯ ಮಟ್ಟದಲ್ಲೇ ಮನೆಮನೆಯಿಂದ ಕಸ ತಂದು ಹಸಿಯದ್ದನ್ನು ಗೊಬ್ಬರ ಮಾಡಿ ಮಾರಿತು. ಇಂಡೋನೇಷ್ಯಾದ ಸುರಬಾಯದಲ್ಲಿ 2001ರಲ್ಲಿ ಜನರ ವಿರೋಧದಿಂದ ಕಸ ಸುರಿಯುವ ಜಾಗವೇ ಮುಚ್ಚಿ, ನಗರದ ಕಸ ಬೀದಿಗೆ ಬಂದಿತ್ತು. ಅಲ್ಲಿ ಕೈಹಿಡಿದದ್ದು ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವ ಒಂದು ಬುಟ್ಟಿ. ತೂತುಗಳಿರುವ ಬುಟ್ಟಿ, ಒಳಗೆ ರಟ್ಟಿನ ಪದರ, ಮೊದಲೇ ಹದಮಾಡಿಟ್ಟ ಹೊಟ್ಟು, ಮೇಲೊಂದು ದಿಂಬು. ತಕಾಕುರಾ ಅನ್ನುವ ಜಪಾನಿ ತಜ್ಞರು ಅಲ್ಲಿಯ ಜನರ ಜೊತೆ ಕೂತು, ಅಲ್ಲೇ ಸಿಗುವ ವಸ್ತುಗಳಿಂದ ಮಾಡಿದ್ದು. ಮಹಿಳಾ ಸಂಘಗಳು ಅದನ್ನು ಮನೆಮನೆಗೆ ಒಯ್ದವು. ಕೆಲವೇ ವರ್ಷಗಳಲ್ಲಿ ನಗರದ ಕಸ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಕಡಿಮೆಯಾಯಿತು. ಬುಟ್ಟಿ ಒಂದೇ ಮಾಡಿದ ಕೆಲಸ ಅಲ್ಲ ಅದು, ಬಡಾವಣೆ ಮಟ್ಟದ ಗೊಬ್ಬರ ಘಟಕಗಳೂ ಇದ್ದವು. ಆದರೂ ಎಲ್ಲದರ ಹಿಂದೆ ಇದ್ದದ್ದು ಬೆರೆಸದೇ ಇಡುವ ಅಭ್ಯಾಸ.

ಶೆಡ್ಡಿನಲ್ಲಿ ಒಂದು ಮಧ್ಯಾಹ್ನ

ಬೆರಳಿಗೆ ಗಾಯವಾಗಿ ಮೂರು ವಾರ ಕಳೆದ ಮೇಲೆ ಅಕ್ಕನಿಗೆ ಹೇಳಿದೆ. ಲೋಟ ನನ್ನದು ಅಂತ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. "ಗೊತ್ತಿತ್ತಮ್ಮ. ನಿಮ್ಮನೆ ಕವರ್ ಗಂಟು ನಂಗೊತ್ತು, ನೀವು ಎರಡು ಸಲ ಬಿಗಿತೀರ" ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ನಾವು ವಿಂಗಡಿಸೋ ಶೆಡ್ಡಿಗೆ ಒಂದಿನ ಬನ್ನಿ ಅಂತ ಅವರೇ ಕರೆದರು. ಹೋದೆ.

ತಗಡಿನ ಮಾಡು, ಮೂರು ಕಡೆ ತೆರೆದ ಗೋಡೆ. ನೆಲದ ಮೇಲೆ ಕಸದ ರಾಶಿ, ಸುತ್ತ ಏಳೆಂಟು ಹೆಂಗಸರು. ಅಕ್ಕ ಕೂತ ಜಾಗದ ಹಿಂದೆ ಚೀಲಗಳ ಸಾಲು. ನಾನು ಎಣಿಸಿದೆ, ಹದಿನಾಲ್ಕು ಚೀಲ. ನನ್ನ ಲೆಕ್ಕದಲ್ಲಿ ಪ್ಲಾಸ್ಟಿಕ್ ಅಂದರೆ ಪ್ಲಾಸ್ಟಿಕ್. ಅವರಿಗೆ ಅದು ಆರೇಳು ಜಾತಿ. ಒಂದು ಬಾಟಲಿ ಎತ್ತಿ ತಿರುಗಿಸಿ ತಳ ತೋರಿಸಿದರು. ನಡುವೆ ಒಂದು ಸಣ್ಣ ಚುಕ್ಕೆ. ಅದು ಪೆಟ್, ನೀರಿನ ಬಾಟಲಿ ಮಾಡುವ ಪ್ಲಾಸ್ಟಿಕ್. ಇನ್ನೊಂದರ ತಳದಲ್ಲಿ ಉದ್ದ ಗೆರೆ, ಅದು ಬೇರೆ ಚೀಲಕ್ಕೆ. ಕವರುಗಳನ್ನಂತೂ ಅವರು ನೋಡುತ್ತಲೇ ಇರಲಿಲ್ಲ. ಬೆರಳಲ್ಲಿ ಒಮ್ಮೆ ಹಿಸುಕಿ, ಕಿವಿಗೆ ಬಂದ ಸದ್ದಿನ ಮೇಲೆ ಎಸೆಯುತ್ತಿದ್ದರು. ಚರಚರ ಅಂದರೆ ಈ ಕಡೆ, ಸದ್ದಿಲ್ಲದೆ ಮೆತ್ತಗಿದ್ದು ಎಳೆದಾಗ ಹಿಗ್ಗಿದರೆ ಆ ಕಡೆ. ಒಳಗೆ ಬೆಳ್ಳಿ ಬಣ್ಣ ಇದ್ದರೆ ಬದಿಗೆ, ಅದಕ್ಕೆ ಗಿರಾಕಿಯಿಲ್ಲ. ನಾನೂ ಹತ್ತು ಕವರ್ ಹಿಸುಕಿ ನೋಡಿದೆ. ನಾಲ್ಕು ತಪ್ಪಿತು. ಅಕ್ಕ ಸುಮ್ನೆ ಅವನ್ನು ಎತ್ತಿ ಸರಿಯಾದ ಚೀಲಕ್ಕೆ ಹಾಕಿದರು.

ಆಮೇಲೆ ಒಂದು ಮನೆಯ ಕವರ್ ಬಿಚ್ಚಿದರು. ಮೇಲೆ ಹೊಚ್ಚಹೊಸ ದಿನಪತ್ರಿಕೆಗಳ ಕಟ್ಟು, ಅದರ ಮೇಲೇ ಸುರಿದ ಅಡುಗೆಮನೆಯ ಮುಸುರೆ. ಎರಡು ಕಿಲೋ ಕಾಗದ ಇರಬಹುದು. ಅಕ್ಕ ಒಂದೊಂದೇ ಹಾಳೆ ಬಿಡಿಸಿ ನೋಡಿ, ನಡುವಿನ ಕೆಲವು ಉಳಿಸಿಕೊಂಡು, ಮಿಕ್ಕಿದ್ದನ್ನು ಆಚೆ ತಳ್ಳಿದರು. ಒದ್ದೆ ಕಾಗದವನ್ನು ಗುಜರಿಯವರು ಮುಟ್ಟುವುದಿಲ್ಲ. ಅದು ಅಕ್ಕನ ಆ ದಿನದ ಸಂಪಾದನೆ. ಆ ಮನೆಯವರಿಗೆ ತಾವು ಒಬ್ಬರ ಕೂಲಿಯ ಮೇಲೆ ಮುಸುರೆ ಸುರಿದೆವು ಅಂತ ಗೊತ್ತಾಗುವ ದಾರಿಯೇ ಇಲ್ಲ.

ಲೋಕದಲ್ಲಿ ಹೀಗೆ ಕಸ ಆಯ್ದು ಬದುಕುವವರು 1.5 ಕೋಟಿಗೂ ಹೆಚ್ಚು ಜನ ಅಂತ ಅಂದಾಜಿದೆ. ಬಡ ನಗರಗಳಲ್ಲಿ ಮರುಬಳಕೆಗೆ ಹೋಗುವ ಕಸದ ಬಹುಪಾಲು ಇವರ ಕೈದಾಟಿಯೇ ಹೋಗುತ್ತದೆ. ಯೋಜನೆ ಬರೆಯುವಾಗ ಮಾತ್ರ ಇವರು ಕಾಣುವುದಿಲ್ಲ. ಈಜಿಪ್ಟಿನ ಕೈರೋದಲ್ಲಿ ಏನಾಯಿತು ನೋಡಿ. ಅಲ್ಲಿನ ಜಬ್ಬಾಲೀನ್ ಸಮುದಾಯ 1940ರ ದಶಕದಿಂದ ಮನೆಬಾಗಿಲಿಗೆ ಹೋಗಿ ಕಸ ತರುತ್ತಿದೆ. ಮೊಕಟ್ಟಮ್ ಗುಡ್ಡದ ಬುಡದ ತಮ್ಮ ಮನೆಗಳಲ್ಲೇ ವಿಂಗಡಿಸಿ, ತಂದದ್ದರಲ್ಲಿ ಸುಮಾರು ಶೇ. 80ರಷ್ಟನ್ನು ಮರುಬಳಕೆ ಮಾಡುತ್ತಾರೆ ಅಂತ ಹೆಸರಾದವರು. 2003ರ ಸುಮಾರಿಗೆ ನಗರಾಡಳಿತ ಯುರೋಪಿನ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. ಅವರಿಗೆ ಇಟ್ಟ ಗುರಿ ಬರೀ ಶೇ. 20. ಬಾಗಿಲಿಗೆ ಬರುತ್ತಿದ್ದ ಜನ ಹೋಗಿ, ಬೀದಿಕೊನೆಯಲ್ಲಿ ಡಬ್ಬಿ ಬಂತು. ಜನ ಅಲ್ಲಿಗೆ ನಡೆದು ಹೋಗಲು ಒಪ್ಪಲಿಲ್ಲ. 2009ರಲ್ಲಿ ಹಂದಿಜ್ವರದ ಹೆದರಿಕೆಗೆ ದೇಶದ ಹಂದಿಗಳನ್ನೆಲ್ಲ ಕೊಂದರು. ಊರಿನ ಹಸಿ ಕಸವನ್ನು ತಿಂದು ಮುಗಿಸುತ್ತಿದ್ದದ್ದೇ ಜಬ್ಬಾಲೀನ್‌ಗಳ ಹಂದಿಗಳು. ಆಮೇಲೆ ಆ ಕಸ ಬೀದಿಯಲ್ಲೇ ಕೊಳೆಯಿತು.

ಇದಕ್ಕೆ ತದ್ವಿರುದ್ಧದ ಕಥೆಯೂ ಇದೆ. ಪುಣೆಯಲ್ಲಿ ಕಸ ಆಯುವವರು 1993ರಲ್ಲಿ ‘ಕಾಗದ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್’ ಅನ್ನುವ ಸಂಘ ಕಟ್ಟಿದರು. ಅದರ ಹೆಸರಿನಲ್ಲೇ ಕಾಗದವೂ ಇದೆ, ಕಾಚ್ ಅಂದರೆ ಗಾಜೂ ಇದೆ. ಅದರಿಂದ ಹುಟ್ಟಿದ ಸ್ವಚ್ಛ್ ಸಹಕಾರ ಸಂಘಕ್ಕೆ 2008ರಲ್ಲಿ ಪಾಲಿಕೆ ಮನೆಮನೆ ಕಸದ ಕೆಲಸ ಒಪ್ಪಿಸಿತು. ಮನೆಯವರು ತಿಂಗಳಿಗಿಷ್ಟು ಅಂತ ನೇರ ಅವರಿಗೇ ಕೊಡುತ್ತಾರೆ, ಒಣ ಕಸ ಮಾರಿದ ಹಣವೂ ಅವರದೇ. ಕೊಲಂಬಿಯಾದ ಬೊಗೊಟಾದಲ್ಲಿ ಆಯುವವರು ಸಾಂವಿಧಾನಿಕ ಕೋರ್ಟಿನ ತನಕ ಹೋಗಿ ಗೆದ್ದರು. 2013ರಿಂದ ಅವರು ತಂದುಕೊಟ್ಟ ತೂಕಕ್ಕೆ ನಗರವೇ ಸಂಬಳದ ಹಾಗೆ ಹಣ ಕೊಡಲು ಶುರುಮಾಡಿತು. ಅವರು ಕೇಳಿದ್ದು ಇಷ್ಟೇ. ಲಾರಿಯವರಿಗೆ ಟನ್ನಿಗಿಷ್ಟು ಅಂತ ಕೊಡುತ್ತೀರಿ, ಅದೇ ಕಸ ಉಳಿಸಿದ ನಮಗೆ ಯಾಕಿಲ್ಲ? ಎಷ್ಟು ಸರಳವಾದ ಪ್ರಶ್ನೆ. ಅದಕ್ಕೆ ಉತ್ತರ ಸಿಗಲು ದಶಕವೇ ಹಿಡಿಯಿತು.

ಒಬ್ಬ ಗೆಳತಿ ನನ್ನ ಈ ಮಾತಿಗೆ ತಕರಾರು ತೆಗೆದಳು. ಮನುಷ್ಯರು ಕಸದಲ್ಲಿ ಕೈಹಾಕುವುದನ್ನೇ ಹೊಗಳುತ್ತಿದ್ದೀಯಲ್ಲ, ಆ ಕೆಲಸವೇ ಇರಬಾರದು ಅಂದಳು. ಅವಳ ಸಿಟ್ಟು ನನಗೆ ಅರ್ಥವಾಗುತ್ತದೆ. ಮುಸುರೆಯಲ್ಲಿ, ಡೈಪರಿನಲ್ಲಿ, ಸಿರಿಂಜಿನಲ್ಲಿ ಬರಿಗೈ ಹಾಕುವ ಕೆಲಸ ಇರಲೇಬಾರದು. ಆ ಕೆಲಸ ಹುಟ್ಟಿಸುತ್ತಿರುವುದು ನಾವು ಬೆರೆಸುವ ಕಸ. ಒಣಗಿದ ಕಾಗದ, ತೊಳೆದ ಬಾಟಲಿ ವಿಂಗಡಿಸುವುದು ಬೇರೆಯದೇ ಕೆಲಸ. ಮೇಜಿನ ಮುಂದೆ ನಿಂತು, ಕೈಗವಸು ಹಾಕಿಕೊಂಡು, ಮಧ್ಯಾಹ್ನ ಊಟಕ್ಕೆ ಎದ್ದು ಮಾಡಬಹುದಾದ ಕೆಲಸ. ಆ ಕೆಲಸ ಬಲ್ಲವರು ಈಗಾಗಲೇ ನಮ್ಮ ನಡುವೆ ಇದ್ದಾರೆ. ಅವರನ್ನು ಓಡಿಸಿ ಯಂತ್ರ ತಂದರೆ ಅವರ ಹೊಟ್ಟೆಯೂ ಹೋಗುತ್ತದೆ, ಅವರ ತಿಳಿವಳಿಕೆಯೂ ಹೋಗುತ್ತದೆ.

ಬೆಲೆಯಿಲ್ಲದ ಚೂರು

ಆ ಲೋಟದ ಚೂರು ಏನಾಯಿತು ಅಂತ ಶೆಡ್ಡಿನಲ್ಲಿ ಕೇಳಿದೆ. ಅಕ್ಕ ಮೂಲೆಯಲ್ಲಿದ್ದ ಒಂದು ತುಕ್ಕು ಹಿಡಿದ ಡ್ರಮ್ ತೋರಿಸಿದರು. ಇಡೀ ಬಾಟಲಿಗೆ ಬೆಲೆ ಇದೆ. ಒಡೆದ ಬಾಟಲಿಗೂ ಬಣ್ಣ ಬೇರೆ ಮಾಡಿ ರಾಶಿ ಹಾಕಿದರೆ ಅಷ್ಟಿಷ್ಟು ಇದೆ. ಲೋಟ, ಕಿಟಕಿ ಗಾಜು, ಬಿಸಿ ತಡೆಯುವ ಪಾತ್ರೆ ಇವಕ್ಕೆ ಇಲ್ಲ. ಒಂದೊಂದು ಗಾಜು ಕರಗುವ ಬಿಸಿ ಒಂದೊಂದು. ಬಾಟಲಿ ಗಾಜಿನ ಕುಲುಮೆಯಲ್ಲಿ ಬೇರೆ ಜಾತಿಯ ಚೂರು ಸೇರಿದರೆ ಕರಗದೇ ಉಳಿದು ಹೊಸ ಬಾಟಲಿಯೇ ಒಡೆಯುತ್ತದೆ. ಜೊತೆಗೆ ಗಾಜು ಭಾರ, ಸಾಗಿಸುವ ಖರ್ಚೇ ಜಾಸ್ತಿ. ಹಾಗಾಗಿ ಯಾರೂ ಕೊಳ್ಳುವುದಿಲ್ಲ. ಬೆಳ್ಳಿ ಬಣ್ಣದ ಪೊಟ್ಟಣದ ಹಣೆಬರಹವೂ ಇದೇ. ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರಗಳನ್ನು ಅಂಟಿಸಿ ಮಾಡಿದ್ದನ್ನು ಬಿಡಿಸಲು ಯಾವ ಅಕ್ಕನ ಬೆರಳಿಗೂ ಸಾಧ್ಯವಿಲ್ಲ. ಇಲ್ಲಿ ಬೆರೆಸಿದ್ದು ನಾನಲ್ಲ, ಕಾರ್ಖಾನೆಯಲ್ಲೇ ಬೆರೆಸಿ ಕಳಿಸಿದ್ದಾರೆ. ತಯಾರಿಸಿದವರೇ ವಾಪಸ್ ತಗೊಳ್ಳಬೇಕು ಅನ್ನುವ ಕಾನೂನುಗಳು ಒಂದೊಂದೇ ದೇಶದಲ್ಲಿ ಬರುತ್ತಿವೆ. ಆ ಹಣದಲ್ಲಿ ಒಂದು ಪಾಲು ಪೊಟ್ಟಣ ಹೆಕ್ಕಿದ ಕೈಗೂ ಸಿಗಬೇಕು ಅಂತ ನನ್ನ ಆಸೆ. ಈಗ ಆ ಪೊಟ್ಟಣ ಹೆಕ್ಕಿದರೆ ಅವರಿಗೆ ಸಿಗುವುದು ಸೊನ್ನೆ. ಹಾಗಾಗಿ ಹೆಕ್ಕುವುದಿಲ್ಲ. ಅದು ಚರಂಡಿಗೆ ಹೋಗುತ್ತದೆ.

ಹೊರಡುವಾಗ ಅಕ್ಕನಿಗೆ ಹೇಳಿದೆ, ಇನ್ನು ಮುಂದೆ ಗಾಜಿದ್ದರೆ ದಪ್ಪ ಪೇಪರಲ್ಲಿ ಸುತ್ತಿ, ಮೇಲೆ ದೊಡ್ಡದಾಗಿ "ಗಾಜು" ಅಂತ ಬರೆದು ಇಡುತ್ತೇನೆ ಅಂತ. ಅವರು ತಲೆಯಾಡಿಸಿದರು. "ಬರೆದ್ರೆ ನಂಗೆ ಓದೋಕೆ ಬರಲ್ಲಮ್ಮ. ಕೈಗೆ ಕೊಡಿ" ಅಂದರು.

ಈಗ ಹಾಗೇ ಮಾಡುತ್ತೇನೆ. ಹೋದ ತಿಂಗಳು ಎರಡನೇ ಲೋಟ ಒಡೆಯಿತು. ಬೆಳಿಗ್ಗೆ ಗಾಡಿಯ ಸದ್ದು ಕೇಳಿ ಕೆಳಗಿಳಿದು, ಗಾಜು ಅಂತ ಬಾಯಲ್ಲಿ ಹೇಳಿ ಪೊಟ್ಟಣ ಅವರ ಕೈಗಿಟ್ಟೆ. ಅಕ್ಕ ಅದನ್ನು ಗಾಡಿಯ ಮುಂದಿನ ಕೊಕ್ಕೆಗೆ ಸಿಕ್ಕಿಸಿದ ಚೀಲದಲ್ಲಿ ಬೇರೆಯಾಗಿ ಇಟ್ಟುಕೊಂಡರು. ಅವರ ಹೆಬ್ಬೆರಳಿನ ಮೇಲೆ ಬೆಳ್ಳಗೆ ಒಂದು ಗೆರೆ ಉಳಿದಿದೆ. ಡ್ರಮ್ ಏನಾಯಿತು ಅಂತ ಕೇಳಿದೆ. ತುಂಬಿದೆಯಂತೆ. ತಗೊಂಡು ಹೋಗಲು ಇನ್ನೂ ಯಾರೂ ಬಂದಿಲ್ಲವಂತೆ.